ಎಸೆಯುವ ಕೊಡಲಿ: ಬಾಳಿಕೆಯ ಗುಟ್ಟು ಇರುವುದು ಕಾವಿನಲ್ಲಿ

ಮಿರ್ಲೆ: ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬುದು ಹಳೆಯ ಗಾದೆ. ಮರದಿಂದಲೇ ಹುಟ್ಟಿದ ಕಾವು ಮರದ ಕುಲಕ್ಕೇ ಎರವಾಗುತ್ತದೆ ಎಂಬುದು ಅದರ ಅರ್ಥ. ಕೊಡಲಿಯನ್ನು ದೂರದಿಂದ ಎಸೆದು ಗುರಿಗೆ ನಾಟಿಸುವ ಕ್ರೀಡೆಯಲ್ಲಿ ಮಾತ್ರ ಎಲ್ಲಕ್ಕಿಂತ ಮೊದಲು ಸಾಯುವುದು ಈ ಕಾವೇ. ಹೊಸಬರು ಎಸೆದ ಕೊಡಲಿಗಳಲ್ಲಿ ಹೆಚ್ಚಿನವು ಬಾಯಿಯ ಬದಲು ಕಾವನ್ನೇ ಗುರಿಗೆ ಬಡಿಯುತ್ತವೆ. ನುಣುಪಾದ ಬಣ್ಣ, ಹೊಳೆಯುವ ಉಕ್ಕು ಕಂಡು ಕೊಂಡ ಸಾಧನ ಕೆಲವೇ ದಿನಗಳಲ್ಲಿ ಎರಡು ತುಂಡಾಗಿ ಮೂಲೆ ಸೇರುವುದು ಹೀಗೆಯೇ.

ಮೈಸೂರು ಜಿಲ್ಲೆಯ ಮಿರ್ಲೆ ಸೀಮೆಗೆ ಕೊಡಲಿ ಹೊಸದೇನಲ್ಲ. ಕೆ.ಆರ್. ನಗರದ ನಾಲೆ ಬಯಲಿನ ಭತ್ತದ ರೈತರಿಂದ ಹಿಡಿದು ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಸೀಳುವವರವರೆಗೆ, ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳವರೆಗೆ ಎಲ್ಲರ ಮನೆಯಲ್ಲೂ ಅದು ದಿನಬಳಕೆಯ ವಸ್ತು. ಹೊಸದಾಗಿ ಬಂದಿರುವುದು ಅದನ್ನು ಎಸೆಯುವ ಹವ್ಯಾಸ. ಕಿರುತೆರೆ ಮತ್ತು ಅಂತರ್ಜಾಲದ ದೃಶ್ಯಗಳನ್ನು ಕಂಡ ನಗರದ ಯುವಜನರು ‘ಟೊಮಾಹಾಕ್’ ಎಂಬ ಹೆಸರಿನ ಕಿರುಗೊಡಲಿಯನ್ನು ಹುಡುಕತೊಡಗಿದ್ದಾರೆ. ಅದನ್ನು ಆರಿಸುವಾಗ ನೋಡಬೇಕಾದ ಅಂಶಗಳಲ್ಲಿ ಬಹುಪಾಲು ಹಳ್ಳಿಯ ಕುಲುಮೆಗೆ ತಲೆಮಾರುಗಳಿಂದ ತಿಳಿದವೇ ಆಗಿವೆ.

ಹೆಸರು ಎಲ್ಲಿಯದು?

ಟೊಮಾಹಾಕ್ ಎಂಬುದು ಉತ್ತರ ಅಮೆರಿಕದ ಪೂರ್ವ ಕರಾವಳಿಯ ಮೂಲನಿವಾಸಿಗಳಾದ ಅಲ್ಗಾಂಕಿಯನ್ ಜನರ ಭಾಷೆಯಿಂದ ಬಂದ ಪದ. ಹದಿನೇಳನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಸೇರಿತು. ಆರಂಭದಲ್ಲಿ ಕಲ್ಲಿನ ತಲೆಯುಳ್ಳ ಆಯುಧಗಳಿಗಿದ್ದ ಈ ಹೆಸರು, ಯುರೋಪಿನ ವರ್ತಕರು ತುಪ್ಪಳದ ವ್ಯಾಪಾರದಲ್ಲಿ ಕಬ್ಬಿಣದ ತಲೆಗಳನ್ನು ತಂದ ಮೇಲೆ ಹಗುರವಾದ ಕಬ್ಬಿಣದ ಕೊಡಲಿಗೆ ನಿಂತಿತು. ಕಬ್ಬಿಣದ ಪಟ್ಟಿಯೊಂದನ್ನು ಸರಳಿನ ಸುತ್ತ ಮಡಿಸಿ, ತುದಿಗಳ ನಡುವೆ ಉಕ್ಕಿನ ತುಂಡನ್ನಿಟ್ಟು ಕಾಯಿಸಿ ಬೆಸೆಯುವುದು ಅಂದಿನ ಕಮ್ಮಾರರ ಕ್ರಮವಾಗಿತ್ತು.

ಕೊಡಲಿ ಎಸೆಯುವ ಕಲ್ಪನೆ ಒಂದೇ ನಾಡಿನದಲ್ಲ. ಯುರೋಪಿನಲ್ಲಿ ಫ್ರಾಂಕ್ ಜನಾಂಗದ ಯೋಧರು ‘ಫ್ರಾನ್ಸಿಸ್ಕಾ’ ಎಂಬ ಎಸೆಗೊಡಲಿಯನ್ನು ಬಳಸುತ್ತಿದ್ದರು. ಪರಶುರಾಮನು ಎಸೆದ ಕೊಡಲಿಗೆ ಹೆದರಿ ಸಮುದ್ರ ಹಿಂದೆ ಸರಿದು ಕರಾವಳಿಯ ನೆಲ ಹುಟ್ಟಿತೆಂಬ ಐತಿಹ್ಯ ಕನ್ನಡಿಗರಿಗೆ ಚಿರಪರಿಚಿತ. ಕನ್ನಡದಲ್ಲಿ ಅವನಿಗೆ ಕೊಡಲಿರಾಮ ಎಂಬ ಹೆಸರೂ ಉಂಟು.

ಇಂದಿನ ಸ್ಪರ್ಧಾ ರೂಪದ ಎಸೆತ ಮಾತ್ರ ತೀರ ಈಚಿನದು. 2006ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮನೆಯ ಹಿತ್ತಿಲ ಆಟವಾಗಿ ಆರಂಭವಾದ ಈ ಕ್ರೀಡೆ ಬಳಿಕ ಅಮೆರಿಕ, ಯುರೋಪುಗಳಿಗೆ ಹಬ್ಬಿತು. 2017ರಲ್ಲಿ ವಿಶ್ವ ಕೊಡಲಿ ಎಸೆತ ಲೀಗ್ ಸ್ಥಾಪನೆಯಾಯಿತು. ಅಲ್ಲಿ ಸಾಮಾನ್ಯ ಎಸೆತಕ್ಕೆ ಗುರಿಯಿಂದ 12 ಅಡಿ ದೂರ ನಿಗದಿಯಾಗಿದೆ. ಸಾಧಾರಣ ಉದ್ದದ ಕಾವುಳ್ಳ ಕೊಡಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬಾಯಿ ಮುಂದಾಗಿ ನಾಟಲು ಹೆಚ್ಚು ಕಡಿಮೆ ಇಷ್ಟೇ ದೂರ ಬೇಕು.

ಸೌದೆ ಕೊಡಲಿ ಏಕೆ ಒಗ್ಗದು?

ಮನೆಯಲ್ಲಿರುವ ಸೌದೆ ಸೀಳುವ ಕೊಡಲಿಯನ್ನೇ ಎಸೆದರೆ ಆಗದೆ ಎಂಬ ಪ್ರಶ್ನೆ ಸಹಜ. ಆದರೆ ಎರಡರ ಕೆಲಸ ಬೇರೆ. ಸೌದೆ ಕೊಡಲಿಯನ್ನು ಕೈ ಕೊನೆಯವರೆಗೂ ಹಿಡಿದಿರುತ್ತದೆ. ಪೆಟ್ಟು ಬೀಳುವುದು ಬಾಯಿಗೆ ಮಾತ್ರ, ತೂಕವೇ ಅದರ ಬಲ. ಎಸೆಯುವ ಕೊಡಲಿ ಕೈಬಿಟ್ಟ ಮೇಲೆ ಸುತ್ತುತ್ತಾ ಹೋಗುತ್ತದೆ. ಸುತ್ತು ಕಡಿಮೆಯಾದರೆ ಕಾವಿನ ಬುಡ ಬಡಿಯುತ್ತದೆ, ಹೆಚ್ಚಾದರೆ ತಲೆಯ ನೆತ್ತಿ ಬಡಿಯುತ್ತದೆ, ಓರೆಯಾದರೆ ಪಕ್ಕ ಬಡಿಯುತ್ತದೆ. ಹೊಸಬರ ಕೈಯಲ್ಲಿ ಒಂದು ಗಂಟೆಯೊಳಗೆ ಅದು ಎಲ್ಲ ದಿಕ್ಕಿನಿಂದಲೂ ಪೆಟ್ಟು ತಿನ್ನುತ್ತದೆ.

ಸರಿಯಾಗಿ ನಾಟಿದ ಎಸೆತದಲ್ಲೂ ಕಾವಿಗೆ ಪೆಟ್ಟು ತಪ್ಪದು. ತಲೆ ಮರದಲ್ಲಿ ತಟ್ಟನೆ ನಿಂತರೂ ಕಾವಿನ ಕೆಳಭಾಗ ಅದೇ ವೇಗದಲ್ಲಿ ಮುಂದುವರಿಯಲು ಹವಣಿಸುತ್ತದೆ. ಆ ಬಾಗುವ ಒತ್ತಡವೆಲ್ಲ ಬಂದು ಕೂಡುವುದು ತಲೆಯ ಕೆಳಗಿನ ಅಂಗುಲದಷ್ಟು ಜಾಗದಲ್ಲಿ. ಮುರಿದ ಕಾವುಗಳಲ್ಲಿ ಬಹುತೇಕ ಅದೇ ಜಾಗದಲ್ಲಿ ಮುರಿದಿರುವುದಕ್ಕೆ ಕಾರಣ ಇದು.

ಸೌದೆ ಕೊಡಲಿಯ ಭಾರವೂ ಹೊಸಬರಿಗೆ ತೊಡಕು. ಒಂದೂವರೆ ಕಿಲೋ ತೂಗುವ ತಲೆಯನ್ನು ಐವತ್ತು ಬಾರಿ ಎಸೆದರೆ ಭುಜದ ಕೀಲು ನೋಯುತ್ತದೆ, ತೋಳು ದಣಿದಾಗ ಗುರಿ ತಪ್ಪುತ್ತದೆ, ಗುರಿ ತಪ್ಪಿದ ಭಾರದ ಕೊಡಲಿ ಹೆಚ್ಚು ಅಪಾಯಕಾರಿ.

ಮೊದಲು ನೋಡಬೇಕಾದುದು ತೂತು

ಅಂಗಡಿಯಲ್ಲಿ ಕೊಡಲಿ ಕೈಗೆ ಬಂದೊಡನೆ ಎಲ್ಲರೂ ನೋಡುವುದು ಬಾಯಿಯನ್ನು. ಎಸೆಯುವ ಕೊಡಲಿಯಲ್ಲಿ ಮೊದಲು ನೋಡಬೇಕಾದುದು ತಲೆಯಲ್ಲಿ ಕಾವು ಕೂರುವ ತೂತು.

ಕಾವನ್ನು ಕೂಡಿಸುವ ಕ್ರಮ ಎರಡು ಬಗೆಯದು. ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಕೊಡಲಿಗಳಲ್ಲಿ ಕಾವನ್ನು ಕೆಳಗಿನಿಂದ ತೂರಿಸಿ, ಮೇಲಿನ ತುದಿಯನ್ನು ಸೀಳಿ ಬೆಣೆ ಹೊಡೆಯುತ್ತಾರೆ. ಬೆಣೆ ಇರುವವರೆಗೆ ಹಿಡಿತ ಇರುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಅಥವಾ ಬೆಣೆ ಸಡಿಲಗೊಂಡಾಗ ತಲೆ ಮೇಲ್ಮುಖವಾಗಿ ಜಾರುತ್ತದೆ. ಬೀಸುವಾಗ ತಲೆ ಹೊರಕ್ಕೆ ಎಳೆಯುವುದೂ ಅದೇ ದಿಕ್ಕಿಗೆ. ಸಡಿಲ ಬೆಣೆಯ ಕೊಡಲಿಯ ತಲೆ ಕಳಚಿ ಹಾರುವುದು ಇದರಿಂದಲೇ.

ಎರಡನೆಯದು ಪಿಕಾಸಿಯ ಕ್ರಮ. ಪಿಕಾಸಿಯ ಕಾವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ತೂತು ಮೇಲೆ ಅಗಲ, ಕೆಳಗೆ ಕಿರಿದು. ಕಾವಿನ ಮೇಲ್ತುದಿಯೂ ಅದಕ್ಕೆ ತಕ್ಕಂತೆ ದಪ್ಪ. ಕಾವನ್ನು ಮೇಲಿನಿಂದ ಇಳಿಬಿಟ್ಟರೆ ದಪ್ಪನೆಯ ತುದಿ ತೂತಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಬೆಣೆ ಬೇಡ, ಮೊಳೆ ಬೇಡ, ಅಂಟು ಬೇಡ. ಬೀಸಿದಷ್ಟೂ ತಲೆ ಹೊರಕ್ಕೆ ಸರಿದು ಇನ್ನಷ್ಟು ಬಿಗಿಯಾಗುತ್ತದೆ. ಸಾಂಪ್ರದಾಯಿಕ ಟೊಮಾಹಾಕ್‌ನ ರಚನೆ ಇದೇ.

ಎಸೆತಕ್ಕೆ ಈ ರಚನೆ ಎರಡು ರೀತಿಯಲ್ಲಿ ಅನುಕೂಲ. ತಪ್ಪು ಎಸೆತದಲ್ಲಿ ಕಾವಿಗೆ ಬಲವಾದ ಪೆಟ್ಟು ಬಿದ್ದರೆ ತಲೆ ಕಾವಿನ ಮೇಲೆ ಕೊಂಚ ಕೆಳಗೆ ಜಾರುತ್ತದೆ. ಪೆಟ್ಟಿನ ಒಂದು ಪಾಲು ಆ ಜಾರಿಕೆಯಲ್ಲೇ ಕಳೆದುಹೋಗಿ ಕಾವು ಉಳಿಯುತ್ತದೆ. ತಲೆಯನ್ನು ಹಿಡಿದು ಕಾವಿನ ಮೇಲ್ತುದಿಗೆ ಮರದ ಕೊಡತಿಯಿಂದ ನಾಲ್ಕು ಬಾರಿ ಬಡಿದರೆ ಹಿಡಿತ ಮರಳುತ್ತದೆ. ಒಂದು ವೇಳೆ ಕಾವು ಮುರಿದರೂ ಉಳಿದ ತುಂಡನ್ನು ಕೆಳಗಿನಿಂದ ಮೇಲಕ್ಕೆ ತಟ್ಟಿ ತೆಗೆದು, ಹೊಸ ಕಾವನ್ನು ಇಳಿಸಲು ಕೆಲವೇ ನಿಮಿಷ ಸಾಕು.

ಕೆಲವು ತಯಾರಕರು ತಲೆ ಜಾರದಿರಲೆಂದು ಪಕ್ಕದಲ್ಲಿ ಸ್ಕ್ರೂ ಒಂದನ್ನು ಬಿಗಿದಿರುತ್ತಾರೆ. ಎಸೆತಕ್ಕೆ ಇದು ಹಿತವಲ್ಲ. ಸ್ಕ್ರೂವಿನ ಮೊನೆ ಮರದಲ್ಲಿ ಗುಳಿ ಮಾಡುತ್ತದೆ, ಬಿರುಕು ಶುರುವಾಗುವುದು ಆ ಗುಳಿಯಿಂದಲೇ. ಅಂಥ ಕೊಡಲಿ ಕೊಂಡವರು ಎಸೆಯುವ ಮೊದಲು ಸ್ಕ್ರೂ ತೆಗೆದು, ಕಾವನ್ನು ಅರದಿಂದ ಉಜ್ಜಿ ತೂತಿಗೆ ಸರಿಯಾಗಿ ಕೂರುವಂತೆ ಮಾಡಿಕೊಳ್ಳುವುದು ಒಳಿತು.

ನಟ್ಟು ಬೋಲ್ಟುಗಳಿಂದ ಪ್ಲಾಸ್ಟಿಕ್ ಹಿಡಿಗೆ ತಲೆ ಜೋಡಿಸಿದ ಮಾದರಿಗಳೂ ಪೇಟೆಯಲ್ಲಿವೆ. ನೋಟಕ್ಕೆ ಇವು ಸೇನಾ ಆಯುಧದಂತೆ ಆಕರ್ಷಕ. ಆದರೆ ಪ್ರತಿ ಪೆಟ್ಟಿಗೂ ಬೋಲ್ಟು ಸಡಿಲಗೊಳ್ಳುತ್ತದೆ, ಹಿಡಿ ಒಡೆದರೆ ಬೇರೆ ಹಿಡಿ ಸಿಗುವುದು ದುರ್ಲಭ. ಇಡೀ ಕೊಡಲಿಯನ್ನು ಒಂದೇ ಉಕ್ಕಿನ ಹಾಳೆಯಿಂದ ಕತ್ತರಿಸಿದ ಮಾದರಿಯ ಕಾವು ಮುರಿಯದು ಎಂಬುದು ನಿಜ. ಆದರೂ ಅದರ ಪೆಟ್ಟಿನ ಕಂಪನ ಕೈಗೆ ನೇರ ಬರುತ್ತದೆ, ನಾಟದೆ ಹೋದಾಗ ಪುಟಿದು ದೂರ ಹಾರುತ್ತದೆ. ತಪ್ಪು ಎಸೆತಗಳೇ ಹೆಚ್ಚಿರುವ ಕಲಿಕೆಯ ದಿನಗಳಲ್ಲಿ ಮರದ ಕಾವು ಸುರಕ್ಷಿತ.

ಕಾವಿಗೆ ಯಾವ ಮರ?

ಅಮೆರಿಕದಿಂದ ಬರುವ ಕೊಡಲಿಗಳ ಕಾವು ಸಾಮಾನ್ಯವಾಗಿ ಹಿಕ್ಕರಿ ಎಂಬ ಮರದ್ದು. ಗಟ್ಟಿತನ ಮತ್ತು ಬಾಗುವ ಗುಣ ಎರಡೂ ಅದರಲ್ಲಿ ಕೂಡಿವೆ. ಅದು ನಮ್ಮಲ್ಲಿ ಬೆಳೆಯುವ ಮರವಲ್ಲ. ಮುರಿದಾಗಲೆಲ್ಲ ಆಮದು ಕಾವಿಗೆ ಕಾಯುವುದು ಹವ್ಯಾಸಿಗೆ ದುಬಾರಿ.

ಇಲ್ಲಿನ ಮರಗಳಲ್ಲಿ ಅದಕ್ಕೆ ಸಮೀಪದ್ದು ತಡಸಲು. ಒತ್ತಿದರೆ ಬಾಗಿ ಮತ್ತೆ ನೆಟ್ಟಗಾಗುವ ಗುಣದಿಂದಾಗಿ ಉಪಕರಣಗಳ ಹಿಡಿಗೆ ಇದು ಹೆಸರುವಾಸಿ. ದಿಂಡಿಗವೂ ಗಾಡಿಯ ಅಚ್ಚು, ಕೊಡಲಿಯ ಕಾವುಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಮರ. ಇವೆರಡೂ ಸಿಗದ ಬಯಲು ಸೀಮೆಯಲ್ಲಿ ಹೊಲದ ಬದುವಿನ ಜಾಲಿ ಕೈಹಿಡಿಯುತ್ತದೆ. ಅದು ಭಾರ ಹೆಚ್ಚು, ಆದರೆ ಪೆಟ್ಟು ತಡೆಯುತ್ತದೆ. ತೇಗ ನೋಡಲು ಚೆಲುವಾದರೂ ಹಠಾತ್ ಪೆಟ್ಟಿಗೆ ಸೀಳುತ್ತದೆ. ನೀಲಗಿರಿ ಒಣಗುವಾಗಲೇ ಬಿರುಕು ಬಿಡುತ್ತದೆ. ಸಿಲ್ವರ್ ಓಕ್ ಕಾವಿನ ಕೆಲಸಕ್ಕೆ ಮೃದು.

ಮರದ ಜಾತಿಯಷ್ಟೇ ಮುಖ್ಯವಾದುದು ಅದರ ನಾರಿನ ಓಟ. ಕಾವಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಾರಿನ ಗೆರೆ ಕಡಿಯದೆ ಸಾಗಬೇಕು. ಗೆರೆ ನಡುವೆ ಓರೆಯಾಗಿ ಪಕ್ಕಕ್ಕೆ ಹೊರಟಿದ್ದರೆ ಕಾವು ಸೀಳುವುದು ಆ ಗೆರೆಗುಂಟವೇ. ಬುಡದ ತುದಿಯನ್ನು ಕಣ್ಣೆದುರಿಗೆ ಹಿಡಿದು ನೋಡಿದಾಗ ಅಲ್ಲಿ ಕಾಣುವ ಗೆರೆಗಳು ಬಾಯಿಯ ದಿಕ್ಕಿಗೆ ಸಮಾನಾಂತರವಾಗಿದ್ದರೆ ಉತ್ತಮ, ಅಡ್ಡವಾಗಿದ್ದರೆ ಬೇಡ. ತಲೆಯ ಕೆಳಗಿನ ಒಂದು ಗೇಣಿನಲ್ಲಿ ಗಂಟು ಇರಲೇಕೂಡದು. ಗರಗಸದಿಂದ ಕುಯ್ದ ತುಂಡಿಗಿಂತ ಸೀಳಿದ ತುಂಡಿನಿಂದ ಮಾಡಿದ ಕಾವು ಹೆಚ್ಚು ಬಾಳುವುದೂ ಇದೇ ಕಾರಣಕ್ಕೆ. ಸೀಳು ನಾರಿನ ಜಾಡನ್ನೇ ಹಿಡಿಯುತ್ತದೆ, ಗರಗಸ ನಾರನ್ನು ಕಡಿಯುತ್ತದೆ.

ಹಸಿ ಮರದ ಕಾವು ತೂತಿನಲ್ಲಿ ಇಂದು ಬಿಗಿ, ನಾಳೆ ಸಡಿಲ. ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿದ ಮರವೇ ಬೇಕು. ಸಡಿಲಗೊಂಡ ಕೊಡಲಿಯನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡುವ ರೂಢಿ ಹಲವೆಡೆ ಇದೆ. ನೀರು ಕುಡಿದ ಮರ ಉಬ್ಬಿ ತಾತ್ಕಾಲಿಕವಾಗಿ ಬಿಗಿಯಾಗುತ್ತದೆ. ಆದರೆ ಉಬ್ಬಿದ ನಾರು ಕಬ್ಬಿಣದ ಒತ್ತಿಗೆ ಜಜ್ಜಿಹೋಗಿ, ಒಣಗಿದ ಬಳಿಕ ಮೊದಲಿಗಿಂತ ಸಡಿಲವಾಗುತ್ತದೆ. ವರ್ಷಕ್ಕೆ ಎರಡು ಮೂರು ಬಾರಿ ಅಗಸೆ ಎಣ್ಣೆ ಸವರುವುದು ಇದಕ್ಕಿಂತ ಮೇಲು. ಹೊಳೆಯುವ ವಾರ್ನಿಷ್ ಬಳಿದ ಕಾವು ಬೆವರಿದ ಅಂಗೈಗೆ ಅಂಟಿಕೊಳ್ಳುವುದರಿಂದ, ಕೈಬಿಡುವ ಗಳಿಗೆ ತಪ್ಪುತ್ತದೆ. ಅದನ್ನು ಮರಳುಕಾಗದದಿಂದ ಉಜ್ಜಿ ತೆಗೆಯಬೇಕು.

ಉಕ್ಕು ಪೆಡಸಾಗಿರಬಾರದು

ಹೆಚ್ಚು ಗಡಸಾದ ಉಕ್ಕೇ ಹೆಚ್ಚು ಬಾಳಿಕೆಯದು ಎಂಬ ನಂಬಿಕೆ ಎಸೆಯುವ ಕೊಡಲಿಯ ವಿಷಯದಲ್ಲಿ ತಪ್ಪು. ಅತಿ ಗಡಸು ಉಕ್ಕು ಪೆಡಸಾಗಿರುತ್ತದೆ. ಗುರಿಯಲ್ಲಿ ಮೊದಲೇ ನಾಟಿರುವ ಇನ್ನೊಂದು ಕೊಡಲಿಗೋ ನೆಲದ ಕಲ್ಲಿಗೋ ತಗುಲಿದರೆ ಅದರ ಬಾಯಿಯಿಂದ ಚಕ್ಕೆ ಹಾರುತ್ತದೆ. ಹಾಗೆ ಹಾರಿದ ಚಕ್ಕೆ ಕಣ್ಣಿಗೆ ಅಪಾಯ. ತೀರ ಮೃದುವಾದರೆ ಬಾಯಿ ಮಡಚಿಕೊಳ್ಳುತ್ತದೆ. ಮಡಚಿದ ಬಾಯನ್ನು ಅರದಿಂದ ಸರಿಪಡಿಸಬಹುದು, ಸೀಳಿದ ಬಾಯನ್ನು ಸರಿಪಡಿಸಲಾಗದು. ಆದ್ದರಿಂದ ಎರಡರ ನಡುವೆ ಕೊಂಚ ಮೃದುವಿನ ಕಡೆಗೇ ವಾಲಿದ ಹದ ಸೂಕ್ತ.

ವಿದೇಶಿ ಟೊಮಾಹಾಕ್‌ಗಳ ವಿವರಣೆಯಲ್ಲಿ ‘1055’ ಎಂಬ ಸಂಖ್ಯೆ ಆಗಾಗ ಕಾಣಿಸುತ್ತದೆ. ಅದು ಶೇ. 0.50ರಿಂದ 0.60ರಷ್ಟು ಇಂಗಾಲವಿರುವ ಉಕ್ಕಿನ ಗುರುತು. ಲಾರಿಗಳ ಕಮಾನುಪಟ್ಟಿಯಲ್ಲಿರುವ ಉಕ್ಕಿನ ಇಂಗಾಲದ ಪ್ರಮಾಣವೂ ಹೆಚ್ಚು ಕಡಿಮೆ ಇಷ್ಟೇ. ಹಳೆಯ ಕಮಾನುಪಟ್ಟಿಯಿಂದ ಮಚ್ಚು, ಕೊಡಲಿ ಬಡಿಯುವ ಹಳ್ಳಿಯ ಕುಲುಮೆ, ಅಮೆರಿಕದ ಕಾರ್ಖಾನೆ ಬಳಸುವಂಥದೇ ಗುಣದ ಲೋಹವನ್ನು ಬಹುಕಾಲದಿಂದ ಬಳಸುತ್ತಿದೆ. ಕಟ್ಟಡದ ಸರಳಿನಂಥ ಸಾದಾ ಕಬ್ಬಿಣ ಬೇಡ, ಅದರಲ್ಲಿ ಇಂಗಾಲ ಕಡಿಮೆ, ಹದ ನಿಲ್ಲದು. ಅಲಂಕಾರಕ್ಕೆಂದು ಮಾರುವ ಸ್ಟೇನ್‌ಲೆಸ್ ಕೊಡಲಿಗಳು ತುಕ್ಕು ಹಿಡಿಯದಿರಬಹುದು, ಎಸೆತಕ್ಕೆ ಅವು ತಕ್ಕವಲ್ಲ.

ಹದ ಹಾಕುವ ಕೆಲಸ ಎರಡು ಹಂತದ್ದು. ಉಕ್ಕನ್ನು ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದಾಗ ಅದು ಗಾಜಿನಂತೆ ಗಡಸಾಗುತ್ತದೆ. ಮತ್ತೆ ಹಗುರವಾಗಿ ಕಾಯಿಸಿದರೆ ಉಜ್ಜಿದ ಮೈಮೇಲೆ ಬಣ್ಣಗಳು ಓಡುತ್ತವೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಗಡಸು ಹೆಚ್ಚು. ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರುವ ನೀಲಿಯವರೆಗೆ ಬಿಟ್ಟರೆ ಪೆಟ್ಟು ತಡೆಯುವ ಗುಣ ಬರುತ್ತದೆ. ಎಸೆಯುವ ಕೊಡಲಿಗೆ ಬೇಕಾದುದು ಈ ನೀಲಿಯ ಹದ, ಅದೂ ಬಾಯಿಯ ಭಾಗಕ್ಕೆ ಮಾತ್ರ. ತೂತಿನ ಸುತ್ತಲಿನ ಭಾಗ ಮೃದುವಾಗಿಯೇ ಉಳಿಯಬೇಕು. ಅಲ್ಲಿ ಗಡಸಾದರೆ ತಲೆಯೇ ಸೀಳುವ ಭಯವಿದೆ.

ಇದನ್ನು ಪರೀಕ್ಷಿಸಲು ಒಂದು ಹಳೆಯ ಅರ ಸಾಕು. ಬಾಯಿಯ ಮೇಲೆ ಎಳೆದಾಗ ಅರ ಗಾಜಿನ ಮೇಲಿನಂತೆ ಜಾರಿದರೆ ಉಕ್ಕು ಅತಿ ಗಡಸು. ಬೆಣ್ಣೆಯಂತೆ ತಿಂದರೆ ಅತಿ ಮೃದು. ತುಸು ಶ್ರಮಪಟ್ಟು ಕಚ್ಚಿದರೆ ಹದ ಸರಿ. ಕಾವು ತೆಗೆದ ತಲೆಯನ್ನು ದಾರದಲ್ಲಿ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂಥ ನಾದ ಬರಬೇಕು. ಒಡಕು ದನಿ ಕೇಳಿದರೆ ಎಲ್ಲೋ ಬಿರುಕಿದೆ ಎಂದರ್ಥ. ಹಿಂದಕ್ಕೆ ಮರಳಿಸಿಬಿಡಬೇಕು.

ತೂಕ, ಉದ್ದ, ಬಾಯಿ

ಆರಂಭಿಕರಿಗೆ ತಲೆಯ ತೂಕ ಸುಮಾರು ಅರ್ಧ ಕಿಲೋ ಇದ್ದರೆ ಅನುಕೂಲ. ಅದಕ್ಕಿಂತ ತೀರ ಹಗುರವಾದುದು ಮರಕ್ಕೆ ನಾಟದೆ ಪುಟಿಯುತ್ತದೆ. ಕಾವು 18ರಿಂದ 20 ಇಂಚು ಇರಲಿ. ಉದ್ದ ಕಾವಿನ ಕೊಡಲಿ ನಿಧಾನವಾಗಿ ತಿರುಗುವುದರಿಂದ ಕೈಬಿಡುವ ಗಳಿಗೆ ಕೂದಲೆಳೆಯಷ್ಟು ಹಿಂದುಮುಂದಾದರೂ ನಾಟುತ್ತದೆ. ಗಿಡ್ಡ ಕಾವು ಬೇಗ ತಿರುಗುತ್ತದೆ, ಅದಕ್ಕೆ ನುರಿತ ಕೈ ಬೇಕು. 22 ಇಂಚಿನ ಕಾವು ಕೊಂಡವರಿಗೆ ಇನ್ನೊಂದು ಲಾಭವುಂಟು. ಬುಡ ಸೀಳಿದರೆ ಎರಡು ಇಂಚು ಕತ್ತರಿಸಿ ಮತ್ತೆ ಬಳಸಬಹುದು.

ಬಾಯಿ ಮೂರು ಇಂಚಿನ ಆಸುಪಾಸಿನಲ್ಲಿದ್ದು, ಕೊಂಚ ಬಾಗಿದ ರೇಖೆಯಲ್ಲಿರುವುದು ಸೂಕ್ತ. ಕ್ಷೌರದ ಕತ್ತಿಯ ಮೊನಚು ಬೇಕಿಲ್ಲ. ತೆಳ್ಳಗೆ ಸಾಣೆ ಹಿಡಿದ ಬಾಯಿ ಬೇಗ ಮಡಚಿಕೊಳ್ಳುತ್ತದೆ. ಹಿಂಬದಿ ಚಪ್ಪಟೆಯಾಗಿ, ಸರಳವಾಗಿರಲಿ. ಹಿಂಬದಿಯಲ್ಲಿ ಮುಳ್ಳಿನಂಥ ಮೊನೆಯುಳ್ಳ ಮಾದರಿಗಳು ಪುಟಿದು ಬಂದಾಗ ಎಸೆದವರಿಗೇ ತಗುಲಬಹುದು. ಕಾವಿನೊಳಗೆ ಕೊಳವೆಯಿರುವ ‘ಚಿಲುಮೆ ಟೊಮಾಹಾಕ್’ನ ಪ್ರತಿಕೃತಿಗಳು ಗೋಡೆಗೆ ತೂಗುಹಾಕಲು ಚೆನ್ನ, ಎಸೆಯಲು ಅಲ್ಲ.

ಗುರಿಯೂ ಬಾಳಿಕೆಯ ಭಾಗವೇ

ಒಳ್ಳೆಯ ಕೊಡಲಿಯೂ ಕೆಟ್ಟ ಗುರಿಗೆ ಬಡಿದು ಹಾಳಾಗುತ್ತದೆ. ಮಾವು, ಸಿಲ್ವರ್ ಓಕ್‌ನಂಥ ಮರದ ದಪ್ಪ ದಿಮ್ಮಿಯಿಂದ ಅಡ್ಡಕ್ಕೆ ಕುಯ್ದ ಬಿಲ್ಲೆಯನ್ನು, ನಾರಿನ ತುದಿ ಎಸೆಯುವವರ ಕಡೆಗಿರುವಂತೆ ನಿಲ್ಲಿಸಬೇಕು. ಬಾಯಿ ನಾರಿನ ನಡುವೆ ಹೊಕ್ಕು ನಿಲ್ಲುತ್ತದೆ, ಗುರಿಯೂ ಬೇಗ ಚಿಂದಿಯಾಗುವುದಿಲ್ಲ. ಜಾಲಿಯಂಥ ಗಟ್ಟಿ ಮರ ಗುರಿಗೆ ಬೇಡ. ಜೀವಂತ ಮರಕ್ಕೆ ಎಸೆಯುವುದು ಸಲ್ಲದು. ತೊಗಟೆಯ ಗಾಯದಿಂದ ಕೀಟ, ಶಿಲೀಂಧ್ರಗಳು ಒಳಹೊಕ್ಕು ಮರ ಸೊರಗುತ್ತದೆ.

ಗುರಿಯ ಹಿಂದೆ ದಾರಿ, ಮನೆ, ದನ ಕಟ್ಟುವ ಜಾಗ ಇರಬಾರದು. ಎಸೆಯುವವರ ಪಕ್ಕದಲ್ಲಾಗಲಿ ಮುಂದೆಯಾಗಲಿ ಯಾರೂ ನಿಲ್ಲಬಾರದು, ನೋಡುವವರು ಹತ್ತು ಅಡಿಯಾದರೂ ಹಿಂದಿರಬೇಕು. ಚಪ್ಪಲಿ ಬೇಡ, ಬೆರಳು ಮುಚ್ಚುವ ಶೂ ಬೇಕು. ಪ್ರತಿ ಸುತ್ತಿನ ನಂತರ ತಲೆಯ ಬಿಗಿಯನ್ನೂ ಕಾವಿನ ಬಿರುಕನ್ನೂ ನೋಡುವ ಅಭ್ಯಾಸ ಮೊದಲ ದಿನದಿಂದಲೇ ಬರಬೇಕು. ಬಿರುಕು ಕಂಡ ಕಾವಿಗೆ ದಾರ ಸುತ್ತಿ, ಅಂಟುಪಟ್ಟಿ ಸುತ್ತಿ ‘ಇನ್ನೊಂದೇ ಎಸೆತ’ ಎನ್ನುವುದು ಅಪಾಯಕ್ಕೆ ಆಹ್ವಾನ.

ಕಾನೂನು ಏನನ್ನುತ್ತದೆ?

ಸಾಧನ ಕೊಳ್ಳುವ ಮುನ್ನ ಕಾನೂನಿನ ಕಡೆಗೂ ಒಂದು ನೋಟ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯು ಕೇವಲ ಗೃಹ ಅಥವಾ ಕೃಷಿ ಬಳಕೆಗೆಂದು ರೂಪಿಸಿದ ವಸ್ತುಗಳನ್ನು ಆಯುಧಗಳ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ರೈತನ ಕೊಡಲಿಗೆ ಪರವಾನಗಿ ಬೇಡದಿರುವುದು ಇದರಿಂದ. ಆದರೆ ಕಾಯ್ದೆಯಡಿಯ ನಿಯಮಗಳ ಅನುಸೂಚಿಯಲ್ಲಿ ಕತ್ತಿ, ಬಾಕು, ಈಟಿಗಳ ಜೊತೆ ಯುದ್ಧಗೊಡಲಿಯ ಹೆಸರೂ ಇದೆ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಆಯುಧಗಳ ಬಗ್ಗೆ ಅಲ್ಲಿ ಪ್ರಸ್ತಾಪವಿದ್ದು, ಗೃಹ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಉದ್ದೇಶದವುಗಳಿಗೆ ವಿನಾಯಿತಿ ನೀಡಲಾಗಿದೆ. ಈ ನಾಲ್ಕರಲ್ಲಿ ಕ್ರೀಡೆಯ ಹೆಸರಿಲ್ಲ. ಎಸೆಯುವ ಕೊಡಲಿಯ ಬಾಯಿ ಸಾಮಾನ್ಯವಾಗಿ 2 ಇಂಚನ್ನು ಮೀರಿರುತ್ತದೆ.

ಇಂಥ ಆಯುಧಗಳನ್ನು ಇಟ್ಟುಕೊಳ್ಳಲು ಪರವಾನಗಿಯ ಅಗತ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಿಗೆ ಅನ್ವಯಿಸುತ್ತದೆ. ಆದರೆ ಮಾರಾಟಕ್ಕೆಂದು ಆಯುಧ ತಯಾರಿಸುವವರ ಮೇಲಿನ ನಿರ್ಬಂಧ ಬೇರೆಯೇ ಇದೆ. ಮುಳ್ಳುಮೊನೆಯ, ಸೇನಾ ಮಾದರಿಯ ಕೊಡಲಿಯ ಚಿತ್ರ ತೋರಿಸಿ ‘ಇಂಥದ್ದೇ ಬಡಿದುಕೊಡಿ’ ಎಂದು ಹಳ್ಳಿಯ ಕಮ್ಮಾರನನ್ನು ಕೇಳುವವರು ಇದನ್ನು ನೆನಪಿಡಬೇಕು. ಕೇಳಿದವರ ಹವ್ಯಾಸಕ್ಕೆ ಬಡಿದುಕೊಟ್ಟವರು ಠಾಣೆಯ ಮೆಟ್ಟಿಲು ಹತ್ತುವಂತಾಗಬಾರದು. ಸರಳ ಉಪಕರಣದ ರೂಪದ ಕೊಡಲಿ ಆರಿಸಿಕೊಂಡು, ಸಂದೇಹವಿದ್ದರೆ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ಸಾಗಿಸುವಾಗ ಬಾಯಿಗೆ ಚರ್ಮದ ಒರೆ ಹಾಕಿ ಚೀಲದಲ್ಲಿಡುವುದು ಸುರಕ್ಷಿತ ಮಾರ್ಗ.

ವಾರಾಂತ್ಯಕ್ಕೆ ಹುಣಸೂರು, ಎಚ್.ಡಿ. ಕೋಟೆಗಳ ಕಡೆಗೆ ಬರುವ ನಗರವಾಸಿಗಳಿಗೆ ಇನ್ನೊಂದು ಎಚ್ಚರಿಕೆ. ನಾಗರಹೊಳೆ, ಬಂಡೀಪುರ ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಆಯುಧದೊಂದಿಗೆ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಕಾರಿನ ಹಿಂಬದಿಯಲ್ಲಿ ಮರೆತಿದ್ದ ಕೊಡಲಿ ತಪಾಸಣಾ ಗೇಟಿನಲ್ಲಿ ತೊಂದರೆ ತರಬಹುದು. ಕಾವಿಗೆಂದು ಕಾಡಿನ ಮರಕ್ಕೆ ಕೈಹಾಕುವುದಂತೂ ಅಪರಾಧವೇ. ಮರದ ಡಿಪೊದಲ್ಲಿ ಸಿಗುವ ಒಣ ತುಂಡು ಅಥವಾ ಸ್ವಂತ ಹೊಲದಲ್ಲಿ ಬಿದ್ದ ಜಾಲಿಯ ಕೊಂಬೆ ಸಾಕು.

ಕುಲುಮೆಯೂ ಉಳಿಯಬೇಕು

ಕಾರ್ಖಾನೆಯ ಉಪಕರಣಗಳು ಊರೂರಿನ ಅಂಗಡಿಗೆ ಬಂದ ಮೇಲೆ ಹಳ್ಳಿಯ ಕುಲುಮೆಗಳಲ್ಲಿ ಬೆಂಕಿ ಆರುತ್ತಾ ಬಂದಿದೆ. ಚುಂಚನಕಟ್ಟೆಯಂಥ ದನಗಳ ಜಾತ್ರೆ, ವಾರದ ಸಂತೆ, ಬಿತ್ತನೆಗೆ ಮೊದಲಿನ ದಿನಗಳು ಬಿಟ್ಟರೆ ಅನೇಕ ಕಮ್ಮಾರರಿಗೆ ಕೆಲಸ ವಿರಳ. ತಿದಿಯ ಜಾಗಕ್ಕೆ ವಿದ್ಯುತ್ ಬ್ಲೋಯರ್ ಬಂದರೂ, ಉಕ್ಕಿನ ಬಣ್ಣ ನೋಡಿ ಹದ ಹೇಳುವ ಕಣ್ಣು ಕಲಿಯಲು ಮುಂದಿನ ತಲೆಮಾರು ಸಿದ್ಧವಿಲ್ಲ.

ಎಸೆಯುವ ಕೊಡಲಿ ಕೊಳ್ಳುವ ಬೆರಳೆಣಿಕೆಯ ಹವ್ಯಾಸಿಗಳಿಂದ ಈ ಸ್ಥಿತಿ ಬದಲಾಗದು. ಆದರೂ ಕೊಂಡ ಕೊಡಲಿಯ ಕಾವು ಮುರಿದಾಗ, ಬಾಯಿ ಮಡಚಿದಾಗ ಅದನ್ನು ಸರಿಪಡಿಸಬಲ್ಲವರು ಇರುವುದು ಈ ಕುಲುಮೆಗಳಲ್ಲೇ. ಎಂದೂ ಮುರಿಯದ ಕೊಡಲಿಯನ್ನು ಯಾರೂ ಇನ್ನೂ ಮಾಡಿಲ್ಲ. ಹೊಸಬರು ಹುಡುಕಬೇಕಾದುದು ಮುರಿದ ಮೇಲೂ ಹತ್ತಿರದ ಊರಿನಲ್ಲೇ ಮತ್ತೆ ಕಟ್ಟಿಸಿಕೊಳ್ಳಬಹುದಾದ ಕೊಡಲಿಯನ್ನು. ಮೇಲೆ ಅಗಲ ಕೆಳಗೆ ಕಿರಿದಾದ ತೂತು, ನೇರ ನಾರಿನ ಕಾವು, ನೀಲಿಯ ಹದದ ಬಾಯಿ, ಅರ್ಧ ಕಿಲೋದ ತಲೆ: ಈ ನಾಲ್ಕನ್ನು ನೋಡಿಕೊಂಡು, ಜೊತೆಗೆ ಎರಡು ಕಾವುಗಳನ್ನು ಹೆಚ್ಚುವರಿಯಾಗಿ ಮಾಡಿಸಿಟ್ಟುಕೊಂಡರೆ ಕಲಿಕೆಯ ಮೊದಲ ವರ್ಷ ಅಡಚಣೆಯಿಲ್ಲದೆ ಸಾಗುತ್ತದೆ.